ಬಿಸಿ ಕೊಳವೆಯ ಪಕ್ಕದ ಕುರ್ಚಿ

ಶನಿವಾರ ಬೆಳಿಗ್ಗೆ ನರ್ಸ್ ಮಕ್ಪಾಲ್ ಡಯಾಲಿಸಿಸ್ ಕೋಣೆಯ ಬಾಗಿಲಲ್ಲಿ ನಿಂತು "ಸುಯಿಂಶಿ! ಸುಯಿಂಶಿ!" ಎಂದು ಕೂಗಿದಳು. ಒಳ್ಳೆಯ ಸುದ್ದಿ ತಂದವರು ಸುದ್ದಿಗಿಂತ ಮೊದಲು ಈ ಮಾತು ಕೂಗಬೇಕು. ಕೇಳಿಸಿಕೊಂಡವರು "ಬೇಕಾದ್ದು ತಗೋ" ಎನ್ನಬೇಕು. ಸುದ್ದಿ ಏನೆಂದು ತಿಳಿಯುವುದು ಆಮೇಲೆ. ಒಂದೊಂದು ಕೈಯನ್ನು ಯಂತ್ರಕ್ಕೆ ಒಪ್ಪಿಸಿ ಒರಗಿದ್ದವರೆಲ್ಲ "ತಗೋ, ತಗೋ" ಎಂದರು. ಎಲ್ಲರಿಗಿಂತ ಜೋರಾಗಿ ಅಂದವಳು ಕಿಟಕಿ ಪಕ್ಕದ ಕೆಂಝೆ. ಕೊಳವೆಗಳಿಗೆ ಬಿಸಿನೀರು ಬಿಟ್ಟಿದ್ದಾರೆ, ಇನ್ನು ಚಳಿಗಾಲ ಕಳೆಯುವವರೆಗೆ ನಿಲ್ಲಿಸುವುದಿಲ್ಲ ಎಂಬುದೇ ಸುದ್ದಿ. ಕೆಂಝೆ ತಕ್ಷಣ ತಲೆಯಿಂದ ಹಸಿರು ಕಲ್ಲಿನ ಕ್ಲಿಪ್ಪು ತೆಗೆದು ಮಕ್ಪಾಲಳ ಕೈಗಿಟ್ಟಳು. ರಬಿಗಾ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿಕೊಂಡಳು. ಕೊಳವೆ ಇರುವುದು ಕಿಟಕಿಯ ಕೆಳಗೆ, ಕೆಂಝೆಯ ಕುರ್ಚಿಗೆ ತಾಗಿಕೊಂಡು. ಸುದ್ದಿ ಅವಳದು, ಅವಳೇ ಕೊಡಲಿ ಕ್ಲಿಪ್ಪು.

ಮೈಯ ರಕ್ತವೆಲ್ಲ ಹೊರಗೆ ಹೋಗಿ ಪ್ಲಾಸ್ಟಿಕ್ ನಳಿಗೆಯಲ್ಲಿ ಸುತ್ತಾಡಿ ಬರುವಾಗ ಹತ್ತುವ ಚಳಿ ಯಾವ ಕಂಬಳಿಗೂ ಬಗ್ಗುವುದಿಲ್ಲ. ಅದು ಹೊದ್ದವರ ಒಳಗಿನಿಂದ ಬರುತ್ತದೆ. ರಬಿಗಾಳ ಕುರ್ಚಿ ಬಾಗಿಲ ಪಕ್ಕ. ಹೋಗಿ ಬರುವವರೆಲ್ಲ ತರಾಜ್ ಪಟ್ಟಣದ ಗಾಳಿಯನ್ನು ಅವಳ ಕಾಲ ಮೇಲೆ ಸುರಿದು ಹೋಗುತ್ತಿದ್ದರು. ಕಿಟಕಿ ಪಕ್ಕ ಕೂರುತ್ತಿದ್ದ ಮುದುಕ ತೀರಿಕೊಂಡಾಗ ಆ ಕುರ್ಚಿ ತನ್ನದಾಗುತ್ತದೆ ಎಂದು ಅವಳು ಒಳಗೊಳಗೇ ಎಣಿಸಿದ್ದಳು. ಮುದುಕನ ಏಳನೆಯ ದಿನದ ಊಟಕ್ಕೆ ಹೋಗಿ ಕಣ್ಣೀರನ್ನೂ ಹಾಕಿ ಬಂದಿದ್ದಳು. ಆ ವಾರವೇ ಕೆಂಝೆ ಬಂದಳು. ಹೆರಿಗೆಯಲ್ಲಿ ಎರಡೂ ಕಿಡ್ನಿ ಕೆಟ್ಟುಹೋದ ಹುಡುಗಿ, ಎದೆಯಲ್ಲಿ ಇನ್ನೂ ಹಾಲಿದ್ದವಳು, ಸೂಜಿ ಕಂಡರೆ ಬಿಕ್ಕುತ್ತಿದ್ದವಳು. ಯಾರೋ ಕರುಣೆಯಿಂದ ಅವಳನ್ನು ಕಿಟಕಿ ಪಕ್ಕ ಕೂರಿಸಿದರು. "ಅಲ್ಲೇ ಕೂತ್ಕೊಳ್ಲಿ ಬಿಡಿ, ಪಾಪ ಮಗು" ಎಂದು ರಬಿಗಾಳೇ ಬಾಯಿ ತುಂಬ ಹೇಳಿದ್ದಳು. ಆ ಮಾತು ಅಂದಿನಿಂದ ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಒಳ್ಳೆಯವಳಾಗುವುದಕ್ಕೆ ಹೋಗಿ ಚಳಿಯಲ್ಲಿ ಕೂತವಳು ತಾನು.

ಹೊಟ್ಟೆಕಿಚ್ಚಿಗೆ ದೊಡ್ಡ ಕಾರಣ ಬೇಕಿಲ್ಲ, ಅದು ಚೂರುಪಾರು ಕಡ್ಡಿಯಲ್ಲೇ ಚೆನ್ನಾಗಿ ಉರಿಯುತ್ತದೆ. ಕೆಂಝೆಗೆ ಇನ್ನೂ ದಿನಕ್ಕೊಂದು ಲೋಟದಷ್ಟು ಉಚ್ಚೆ ಬರುತ್ತಿತ್ತು. ಇದನ್ನು ಹೊರಗಿನವರಿಗೆ ಹೇಳಿದರೆ ನಕ್ಕಾರು. ಆದರೆ ಆ ಕೋಣೆಯಲ್ಲಿ ಅದು ಹಿತ್ತಿಲಲ್ಲಿ ಸ್ವಂತ ಬಾವಿ ಇದ್ದ ಹಾಗೆ. ಅಲ್ಲಿ ಎಲ್ಲರಿಗೂ ನೀರು ಅಳತೆಯಲ್ಲಿ, ಹೊರಗೆ ಹೋದಷ್ಟು ಹೆಚ್ಚು ಕುಡಿಯಬಹುದು. ರಬಿಗಾಳ ಬಾವಿ ಬತ್ತಿ ಆರು ವರ್ಷವಾಗಿತ್ತು. ಪಾಯಖಾನೆಯಲ್ಲಿ ಪಕ್ಕದ ಬಾಗಿಲಿನಿಂದ ಕೆಂಝೆಯ ಸದ್ದು ಕೇಳಿಸಿದ ಒಂದು ದಿನ ಅವಳು ನಲ್ಲಿ ತಿರುಗಿಸಿ, ಅದು ಕೇಳಿಸದ ಹಾಗೆ ಮಾಡಿಕೊಂಡು ನಿಂತಿದ್ದಳು. ಆಯುಷ್ಯವೆಲ್ಲ ರೈಲಿನಲ್ಲಿ ಪ್ರಯಾಣಿಕರಿಗೆ ಚಹಾ ಕೊಟ್ಟವಳು. ಅಲ್ಮಾಟಿಯಿಂದ ಹೊರಟು ಅರಲ್ ದಾಟಿ ಹೋಗುವಷ್ಟರಲ್ಲಿ ಬೋಗಿಯ ತುದಿಯ ಬಿಸಿನೀರಿನ ಹಂಡೆಯಿಂದ ಅದೆಷ್ಟು ಲೋಟ ತುಂಬಿದ್ದಳೋ! ಲೋಹದ ಹಿಡಿಯಲ್ಲಿ ಕೂತ ಗಾಜಿನ ಲೋಟಗಳು ರೈಲಿನ ಓಟಕ್ಕೆ ಕಿಣಿಕಿಣಿ ಅನ್ನುತ್ತಿದ್ದವು. ಆಗ ತನಗೆ ಬಾಯಾರಿಕೆಯಾಗುತ್ತಿತ್ತೋ ಇಲ್ಲವೋ, ನೆನಪೇ ಇಲ್ಲ. ಈಗ ಕನಸಿನಲ್ಲೂ ಆ ಲೋಟಗಳನ್ನು ಬೇರೆಯವರಿಗೇ ಕೊಡುತ್ತಾಳೆ. ಎಚ್ಚರವಾದಾಗ ನಾಲಗೆ ಅಂಗುಳಕ್ಕೆ ಅಂಟಿರುತ್ತದೆ.

"ಅಕ್ಕ, ನಿದ್ದೆನಾ?" ಕಿಟಕಿಯ ಕಡೆಯಿಂದ ಕೆಂಝೆ ಕೇಳಿದಳು. "ನಾಳೆ ಮರೀಬೇಡಿ. ಅಲ್ದಿಯಾರ್ ನಿಮ್ಮ ಕಾಲಲ್ಲೇ ಓಡಾಡ್ಬೇಕು."

ಕೆಂಝೆಯ ಮಗ ನಿಂತು ಹೆಜ್ಜೆ ಇಡತೊಡಗಿದ್ದ. ಅವನ ಎರಡು ಕಾಲಿಗೆ ಕಪ್ಪು ಬಿಳಿ ಉಣ್ಣೆ ಹೆಣೆದ ಹಗ್ಗ ಸುತ್ತಿ, ಅದನ್ನು ಒಬ್ಬರು ಕತ್ತರಿಸಿ ಓಡಬಿಡಬೇಕು. ಕತ್ತರಿಸಿದವರ ನಡೆ ಮಗುವಿಗೆ ಬರುತ್ತದೆ ಎನ್ನುತ್ತಾರೆ. ಅದಕ್ಕೇ ಜನ ಗಟ್ಟಿಮುಟ್ಟಾದವರನ್ನು, ಮಕ್ಕಳು ಮೊಮ್ಮಕ್ಕಳು ಇರುವವರನ್ನು ಹುಡುಕುತ್ತಾರೆ. ಮಕ್ಕಳಿಲ್ಲದ, ಗಂಡ ಸತ್ತ, ವಾರಕ್ಕೆ ಮೂರು ಸಲ ಯಂತ್ರಕ್ಕೆ ಕಟ್ಟಿಸಿಕೊಳ್ಳುವ ಹೆಂಗಸನ್ನು ಯಾರೂ ಕರೆಯುವುದಿಲ್ಲ. "ಅತ್ತೆ ವಾರವೆಲ್ಲ ಮುಖ ಊದಿಸ್ಕೊಂಡಿದ್ರು," ಎಂದು ಕೆಂಝೆ ನಕ್ಕಿದ್ದಳು. "ನಾನಂದೆ, ದೇಶವೆಲ್ಲ ಸುತ್ತಿದ ಕಾಲು ಅಂದ್ರೆ ನಮ್ಮ ರಬಿಗಾ ಅಕ್ಕಂದು, ಅವರೇ ಆಗ್ಬೇಕು. ಇಲ್ಲಾಂದ್ರೆ ನನ್ನ ಮಗ ತೆವಳ್ಕೊಂಡೇ ಇರ್ಲಿ." ಅವತ್ತು ಆ ಮಾತಿಗೆ ರಬಿಗಾಳ ಕಣ್ಣು ತುಂಬಿದ್ದು ನಿಜ. ಇಷ್ಟು ಸಲೀಸಾಗಿ ಪ್ರೀತಿಸಲು ಬರುತ್ತದಲ್ಲ ಇವಳಿಗೆ ಎಂದು ಅದೇ ಕ್ಷಣ ಒಳಗೆ ಚುರುಕೆಂದಿದ್ದೂ ನಿಜ.

ಭಾನುವಾರ ರಬಿಗಾ ಬಸ್ಸಿಳಿದು ಕೆಂಝೆಯ ಮನೆಯ ಕಡೆ ನಡೆಯುತ್ತಿದ್ದಳು. ಚೀಲದಲ್ಲಿ ಬಜಾರಿನಿಂದ ತಂದ ಹೊಸ ಕತ್ತರಿ ಇತ್ತು, ಮೈಮೇಲೆ ರೈಲಿನ ದಿನಗಳ ನೀಲಿ ಕೋಟು. ಕೊರಳಲ್ಲಿ ಎಂದಿನಂತೆ ಬಟ್ಟೆಯ ಚೀಲದಲ್ಲಿ ಫೋನು. ಕಿಡ್ನಿಯ ಸರದಿಯಲ್ಲಿರುವವರು ಫೋನನ್ನು ಉಸಿರಿನಂತೆ ಇಟ್ಟುಕೊಳ್ಳಬೇಕು; ಸ್ನಾನದ ಮನೆಯಲ್ಲೂ ಅವಳು ಅದನ್ನು ಮೊಳೆಗೆ ನೇತುಹಾಕಿ ಅದರ ಮೇಲೇ ಕಣ್ಣಿಟ್ಟು ಮೈ ತೊಳೆಯುತ್ತಿದ್ದಳು. ಅದು ಎದೆಯ ಮೇಲೆ ನಡುಗಿತು. ಹೊರಗಿನ ನಂಬರು.

"ರಬಿಗಾ ಅಕ್ಕ ಅಲ್ವಾ? ಶಿಮ್ಕೆಂಟ್‌ನಿಂದ, ಕಿಡ್ನಿ ವಿಭಾಗದಿಂದ ಮಾತಾಡ್ತಿರೋದು."

ಎರಡು ಉಸಿರಿನಷ್ಟು ಹೊತ್ತು ರಬಿಗಾ ಆರೋಗ್ಯವಂತಳಾಗಿದ್ದಳು. ಆ ಎರಡು ಉಸಿರಿನಲ್ಲಿ ಅವಳು ದೊಡ್ಡ ಲೋಟದ ತುಂಬ ಚಹಾ ಕುಡಿದಳು, ಇನ್ನೊಂದು ಕುಡಿದಳು, ಕಲ್ಲಂಗಡಿ ಹಣ್ಣನ್ನು ಮುಖವೆಲ್ಲ ಒದ್ದೆಯಾಗುವಂತೆ ಕಚ್ಚಿದಳು, ಬೆಳಗಿನ ಜಾವ ಎದ್ದು ಹೋಗಿ ಮನಸ್ಸು ತಣಿಯುವಷ್ಟು ಹೊತ್ತು ಉಚ್ಚೆ ಹೊಯ್ದಳು. ಬೇಲಿಯ ಬುಡದಲ್ಲಿದ್ದ ನಾಯಿಯೊಂದು ಅವಳನ್ನೇ ನೋಡುತ್ತಿತ್ತು. ಅದನ್ನೂ ತಬ್ಬಿಕೊಳ್ಳಬೇಕು ಅನ್ನಿಸಿತು.

"ಕೆಂಝೆ ನಿಮ್ಮ ಪಕ್ಕದಲ್ಲಿದಾರಾ ಅಕ್ಕ? ಅವರ ಫೋನ್ ಆಫ್ ಬರ್ತಿದೆ. ಎರಡನೇ ನಂಬರು ಅಂತ ನಿಮ್ದು ಕೊಟ್ಟಿದಾರೆ. ಕಿಡ್ನಿ ಬಂದಿದೆ, ಸಂಜೆ ಒಳಗೆ ಅವರು ಇಲ್ಲಿರ್ಬೇಕು."

ರಬಿಗಾ ಬೇಲಿ ಹಿಡಿದುಕೊಂಡಳು. ಹಿಂದಿನ ಚಳಿಗಾಲದಲ್ಲಿ ಇಬ್ಬರೂ ಒಂದೇ ದಿನ ಎರಡನೆಯ ನಂಬರು ಬರೆಸಿದ್ದು ನೆನಪಾಯಿತು. "ನಮ್ಮನೇಲಿ ಫೋನು ಯಾರ ಕೈಲಿರುತ್ತೋ ಹೇಳೋಕಾಗಲ್ಲ. ನಂದು ನಿಮ್ಮ ಹತ್ರ ಇರ್ಲಿ, ನಿಮ್ದು ನನ್ನ ಹತ್ರ. ಯಾರಿಗೆ ಬಂದ್ರೂ ಇನ್ನೊಬ್ರು ಓಡಿ ಹೇಳೋದು," ಎಂದಿದ್ದಳು ಕೆಂಝೆ. ಆಗ ಇಬ್ಬರೂ ನಕ್ಕಿದ್ದರು.

"ಅಕ್ಕ, ಕೇಳ್ತಿದೆಯಾ? ಅವರು ಹೊರಟ ಸುದ್ದಿ ಬೇಗ ಬರದೇ ಇದ್ರೆ ಮುಂದಿನವರನ್ನ ಕರೀತೀವಿ."

"ಮುಂದಿನವರು ಯಾರು?"

"ಅದನ್ನ ಹೇಳೋ ಹಾಗಿಲ್ಲ ಅಕ್ಕ. ನೀವು ಅವರಿಗೆ ತಿಳಿಸ್ತೀರಲ್ವಾ?"

"ಅವರ ಮನೆ ಹತ್ರಾನೇ ಇದೀನಿ," ಎಂದಳು ರಬಿಗಾ. ತಿಳಿಸುತ್ತೇನೆ ಎನ್ನಲಿಲ್ಲ. ಇಬ್ಬರದೂ ಒಂದೇ ಗುಂಪಿನ ರಕ್ತ. ಆರು ವರ್ಷ ಕಾದವಳು ತಾನು, ಒಂದು ವರ್ಷ ಕಾದವಳು ಅವಳು. ಕಾದದ್ದಷ್ಟೇ ಅಲ್ಲ, ಯಾರ ಮೈಗೆ ಹೆಚ್ಚು ಒಗ್ಗುತ್ತದೋ ಅವರಿಗೆ ಎಂದು ಡಾಕ್ಟರು ಸಾವಿರ ಸಲ ಹೇಳಿದ್ದಾರೆ, ಆದರೆ ಹೊಟ್ಟೆಕಿಚ್ಚಿಗೆ ಕಿವಿ ಎಲ್ಲಿದೆ? ಬೇಕಾದವಳು ಫೋನನ್ನು ಹೀಗೆ ಆಫ್ ಮಾಡಿ ಇಡುತ್ತಾಳೆಯೇ? ನನ್ನ ಕೊರಳಿಗೆ ಇದರ ದಾರ ಗೀಚಿ ಗಾಯವಾಗಿದೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ಬಂದ ವರ್ಷವೇ ಕುರ್ಚಿ, ಕೊಳವೆ, ಈಗ ಕಿಡ್ನಿ. ಹೀಗೆಲ್ಲ ಬೈಯುತ್ತ ನಡೆದು ಅವಳು ಆ ಮನೆಯ ನೀಲಿ ಗೇಟಿನ ಮುಂದೆ ನಿಂತಳು.

ಅಂಗಳದಲ್ಲಿ ಚಹಾದ ನೀರಿನ ಹಂಡೆ, ಸಮೋವರ್, ಹೊಗೆಯಾಡುತ್ತಿತ್ತು. ಹೆಂಗಸರು ಎಣ್ಣೆಯಿಂದ ಕರಿದ ಹಿಟ್ಟಿನ ಬಾವುರ್ಸಾಕ್ ತೆಗೆದು ರಾಶಿ ಹಾಕುತ್ತಿದ್ದರು, ಒಳಗಿನಿಂದ ಕುದುರೆ ಮಾಂಸ ಬೇಯುವ ವಾಸನೆ. ಕೆಂಝೆಯ ಫೋನು ಮೆಟ್ಟಿಲ ಮೇಲೆ ನೆಂಟರ ಮಕ್ಕಳ ನಡುವೆ ಬಿದ್ದಿತ್ತು. ಆಡಿ ಆಡಿ ಚಾರ್ಜು ಮುಗಿಸಿ ಎಸೆದಿದ್ದರು. ರಬಿಗಾ ಅದನ್ನು ಎತ್ತಿ, ಕರಿ ಗಾಜಿನಲ್ಲಿ ತನ್ನ ಊದಿದ ಮುಖ ನೋಡಿ, ಇದ್ದಲ್ಲೇ ಇಟ್ಟಳು. ಕೆಂಪು ಉಡುಪು ತೊಟ್ಟ ಕೆಂಝೆ ಓಡಿ ಬಂದು ತಬ್ಬಿಕೊಂಡಳು. ಅವಳ ಅತ್ತೆ ಬತಿಮಾ ಮಾತ್ರ ದೂರದಿಂದಲೇ ರಬಿಗಾಳ ಕೋಟನ್ನೂ ಕೈಯನ್ನೂ ಕಣ್ಣಲ್ಲೇ ಅಳೆದಳು. "ಬನ್ನಿ, ಬನ್ನಿ. ಎಜ಼್ಬರ್ ದೊಡ್ಡಪ್ಪ ಇನ್ನೂ ಬಂದಿಲ್ಲ. ಹಿರಿಯರು ಹರಸದೆ ಹಗ್ಗ ಕತ್ತರಿಸೋದು ನಮ್ಮಲ್ಲಿಲ್ಲ. ನಿಮ್ಮಲ್ಲಿ ಹೇಗೋ?"

"ನಮ್ಮಲ್ಲೂ ಹಾಗೇ," ಎಂದಳು ರಬಿಗಾ. ಈಗಲೇ ಹೇಳಿಬಿಟ್ಟರೆ ಏನಾಗುತ್ತದೆ ಎಂದು ಅವಳಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕೂಗು, ಅಳು, ಕಾರು. ಕೆಂಝೆ ಹೋದ ಮೇಲೆ ಬತಿಮಾ ಯಾರೋ ಹನ್ನೊಂದು ಮೊಮ್ಮಕ್ಕಳ ಮುದುಕಿಯ ಕೈಗೆ ಕತ್ತರಿ ಕೊಟ್ಟು ಕೆಲಸ ಮುಗಿಸುತ್ತಾಳೆ. ಬದುಕಿನಲ್ಲಿ ಒಮ್ಮೆ, ಒಂದೇ ಒಂದು ಸಲ ನನ್ನ ಕೈಯಿಂದ ಮಗುವೊಂದು ಓಡಲಿ. ಆಮೇಲೆ ಹೇಳುತ್ತೇನೆ. ಇಷ್ಟೇ ತಾನೇ? ಹೀಗೆ ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡು ಕೂತಳು. ಯಾರೋ ಚಹಾ ಕೊಟ್ಟರು. ಅವಳು ಕುಡಿದಳು. ಇನ್ನೊಂದು ಬಟ್ಟಲು ಕೊಟ್ಟರು, ಅದನ್ನೂ ಕುಡಿದಳು. ಉಪ್ಪಿನ ಗಿಣ್ಣಿನ ಉಂಡೆಯೊಂದನ್ನು ಬಾಯಿಗೆ ಹಾಕಿಕೊಂಡಳು. ಕೆಂಝೆ ದೂರದಿಂದ ಬೆರಳಾಡಿಸಿ ಗದರಿದಳು. "ಅಕ್ಕಾ! ಉಪ್ಪು! ಮಂಗಳವಾರ ತಕ್ಕಡಿ ಮೇಲೆ ನಿಂತಾಗ ಗೊತ್ತಾಗುತ್ತೆ!" ಸುತ್ತಲಿನವರು ನಕ್ಕರು. ತನ್ನ ಮೈಯನ್ನು ಕಾಯುವವಳು ಜಗತ್ತಿನಲ್ಲಿ ಇವಳೊಬ್ಬಳೇ ಎಂಬುದು ಆಗ ಹೊಳೆದು, ಅದಕ್ಕೂ ಸಿಟ್ಟು ಬಂತು. ಶಿಮ್ಕೆಂಟ್‌ನಿಂದ ಹೊಸ ಕಿಡ್ನಿ ಹಾಕಿಸಿಕೊಂಡು ಬಂದ ಮೇಲೆ ಈ ಕಾಳಜಿ ಇರುತ್ತದೆಯೇ? ಹಬ್ಬಕ್ಕೊಮ್ಮೆ ಫೋನು ಮಾಡುತ್ತಾಳೆ. ದೊಡ್ಡ ಬಟ್ಟಲಲ್ಲಿ ಚಹಾ ಕುಡಿಯುತ್ತ, "ಹೇಗಿದೀರಿ ಅಕ್ಕ" ಅನ್ನುತ್ತಾಳೆ.

ದೊಡ್ಡಪ್ಪ ಇನ್ನೂ ಬಂದಿರಲಿಲ್ಲ. ಎದೆಯ ಮೇಲಿನ ಚೀಲ ಮತ್ತೆ ನಡುಗಿತು. ಅವಳು ಚೀಲದೊಳಗೆ ಕೈ ಹಾಕಿ ನೋಡದೆಯೇ ಬೆರಳಿನಿಂದ ಗುಂಡಿ ತಡಕಿ ಒತ್ತಿಬಿಟ್ಟಳು. ನಡುಕ ನಿಂತಿತು. ಇದು ಹಗ್ಗಕ್ಕಾಗಿ ಅಲ್ಲ ಎಂದು ಆ ಬೆರಳಿಗೆ ಗೊತ್ತಿತ್ತು. "ಮುಂದಿನವರು" ಎಂದು ಅವಳ ತಲೆಯೊಳಗೆ ಯಾರೋ ಮೆಲ್ಲಗೆ ಹೇಳುತ್ತಲೇ ಇದ್ದರು. ಅವಳು ಅದನ್ನು ಕೇಳಿಸಿಕೊಳ್ಳುತ್ತ ಕಾಲ ಮೇಲೆ ಬಿದ್ದ ಹಿಟ್ಟನ್ನು ಒರೆಸುತ್ತ ಕೂತಳು. ಹೀಗೆ ಕೂತಿರುವುದು ಎಷ್ಟು ಸುಲಭ! ಕೆಟ್ಟದ್ದನ್ನು ಮಾಡಲು ಎದ್ದು ನಿಲ್ಲಬೇಕಾಗುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಸುಮ್ಮನೆ ಕೂತರೆ ಸಾಕಿತ್ತು.

ಕೊನೆಗೆ ದೊಡ್ಡಪ್ಪ ಬಂದ. ಕೆಂಝೆಯ ಗಂಡ ಎರ್ಮೆಕ್ ಮಗುವನ್ನು ಜಮಖಾನದ ಮೇಲೆ ನಿಲ್ಲಿಸಿದ. ಕಾಲಿಗೆ ಹಗ್ಗ ಸುತ್ತಿ ಕಟ್ಟಿದರು. ಮುದುಕ ಎರಡೂ ಅಂಗೈ ಎತ್ತಿದ. "ಕಂದಾ, ಕುದುರೆ ಹಾಗೆ ಓಡು. ಈ ಹಗ್ಗ ಯಾಕೆ ಕಪ್ಪು ಬಿಳಿ ಗೊತ್ತಾ? ಇನ್ನೊಬ್ಬರ ಕಪ್ಪು ಬಿಳಿ ದಾರಾನೂ ದಾಟ್ಬೇಡ. ನಿಂದಲ್ಲದ್ದು ಒಂದು ಎಳೆ ಕೂಡ ನಿನ್ನ ಕೈಗೆ ಅಂಟ್ಬಾರ್ದು." ಎಲ್ಲರೂ ಆಮೀನ್ ಎಂದು ಮುಖ ಸವರಿಕೊಂಡರು. ರಬಿಗಾ ಮಂಡಿಯೂರಿದಳು. ಆ ಮಾತು ಎಲ್ಲ ಮಕ್ಕಳಿಗೂ ಹೇಳುವ ಮಾತೇ, ಅವಳು ನೂರು ಸಲ ಕೇಳಿದ್ದೇ. ಆದರೂ ಹೊಸ ಕತ್ತರಿ ಉಣ್ಣೆಯ ಮೇಲೆ ಜಾರಿತು, ಎರಡನೆಯ ಸಲಕ್ಕೆ ಕಚ್ಚಿತು. ಬತಿಮಾ ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡದ್ದು ಕೇಳಿಸಿತು. ಹಗ್ಗ ತುಂಡಾಯಿತು. ಜನ ಕೂಗಿದರು, ಮಿಠಾಯಿ ಎರಚಿದರು.

ಮಗು ಓಡಬೇಕಾದದ್ದು ಬಾಗಿಲ ಕಡೆಗೆ. ಅದು ನಾಲ್ಕು ಹೆಜ್ಜೆ ಅತ್ತ ಹೋಗಿ, ಗದ್ದಲಕ್ಕೆ ಬೆದರಿ, ತಿರುಗಿ ಬಂದು ರಬಿಗಾಳ ಮೇಲೆ ಬಿತ್ತು. ಅವಳ ಎಡಗೈಯನ್ನು ಹಿಡಿದುಕೊಂಡಿತು. ಸೂಜಿಗಾಗಿ ರಕ್ತನಾಳ ಜೋಡಿಸಿ ಉಬ್ಬಿಸಿದ ಆ ಕೈಯಲ್ಲಿ ಹಗಲಿರುಳು ಗುಂಯ್ ಎನ್ನುವ ಒಂದು ನಡುಕ ಇರುತ್ತದೆ. ಕೆಂಝೆಯ ಕೈಯಲ್ಲೂ ಇದೆ. ಅದರ ಮೇಲೆ ಅಂಗೈ ಇಟ್ಟುಕೊಂಡೇ ಮಗ ನಿದ್ದೆ ಹೋಗುವುದು ಎಂದು ಕೆಂಝೆ ಹೇಳಿದ್ದಳು. ಈಗಲೂ ಅದು ಅಳು ನಿಲ್ಲಿಸಿ, ಕಿವಿಯನ್ನೇ ಆ ಕೈಗೆ ಒತ್ತಿಕೊಂಡು, ಸದ್ದು ತನ್ನ ಅಮ್ಮನದೇ ಅಂದುಕೊಂಡು, ಸುಮ್ಮನಾಯಿತು. ರಬಿಗಾಳ ಮೈಯಲ್ಲಿ ಆರು ವರ್ಷದಿಂದ ಯಾರಿಗೂ ಬೇಡವಾಗಿದ್ದ ಸದ್ದು ಅದು.

"ಸುಯಿಂಶಿ!" ಎಂದಳು. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. "ಕೆಂಝೆ, ಸುಯಿಂಶಿ!"

"ಬೇಕಾದ್ದು ತಗೊಳ್ಳಿ ಅಕ್ಕ!" ಕೆಂಝೆ ನಗುತ್ತಲೇ ತಿರುಗಿದಳು. ಮಗ ಓಡಿದ್ದೇ ಸುದ್ದಿ ಅಂದುಕೊಂಡಿದ್ದಳು.

"ಶಿಮ್ಕೆಂಟ್‌ನಿಂದ ಫೋನ್ ಬಂದಿದೆ. ನಿನಗೆ ಕಿಡ್ನಿ ಬಂದಿದೆ. ಈಗಲೇ ಹೊರಡು."

ಮಿಠಾಯಿ ಹೆಕ್ಕುತ್ತಿದ್ದ ಮಕ್ಕಳು ಕೂಡ ನಿಂತರು. ಆಮೇಲೆ ಎಲ್ಲ ಒಟ್ಟಿಗೇ ನಡೆಯಿತು. ಎರ್ಮೆಕ್ ಕಾರಿನ ಬೀಗಕ್ಕೆ ಓಡಿದ. ಬತಿಮಾ ನೆಲಕ್ಕೆ ಕುಸಿದು ಅತ್ತಳು, ಎದ್ದು ಬಂದು ರಬಿಗಾಳ ಆ ಸೂಜಿಯ ಕೈಯನ್ನೇ ಕಣ್ಣಿಗೊತ್ತಿಕೊಂಡಳು. "ಏನು ಬೇಕು ಹೇಳಮ್ಮ. ಕುರಿ ಕೊಡ್ಲಾ? ಮಖಮಲ್ಲಿನ ನಿಲುವಂಗಿ ಹೊದಿಸ್ಲಾ? ಕೇಳದೆ ಹೋಗ್ಬಾರ್ದು ನೀನು." ಕೇಳಲೇಬೇಕು, ಅದೇ ಪದ್ಧತಿ. ರಬಿಗಾ ಬಾಯಿ ತೆರೆದಳು. ತನಗೆ ಬೇಕಾದದ್ದನ್ನು ಕೇಳುವ ಹಾಗಿರಲಿಲ್ಲ. ಅದರ ಪಕ್ಕದ್ದು ಬಾಯಿಗೆ ಬಂತು.

"ನಿನ್ನ ಕುರ್ಚಿ," ಎಂದಳು ಕೆಂಝೆಯ ಕಡೆ ತಿರುಗಿ. "ಕಿಟಕಿ ಪಕ್ಕದ್ದು."

ಅಂಗಳವೆಲ್ಲ ನಕ್ಕಿತು. ಕೆಂಝೆ ಅಳುತ್ತ ನಗುತ್ತ ಅವಳ ಎರಡೂ ಕೆನ್ನೆಗೆ ಮುತ್ತಿಟ್ಟಳು. "ಅದಾ! ತಗೊಳ್ಳಿ ಅಕ್ಕ, ತಗೊಳ್ಳಿ. ಇನ್ನು ನನಗ್ಯಾಕೆ ಅದು?" ಕಾರು ಧೂಳೆಬ್ಬಿಸಿಕೊಂಡು ಹೋಯಿತು. "ಇನ್ನು ನನಗ್ಯಾಕೆ" ಎಂಬ ಮಾತು ಬಸ್ಸಿನಲ್ಲೂ, ಮನೆಯಲ್ಲೂ, ಹಾಸಿಗೆಯಲ್ಲೂ ರಬಿಗಾಳ ಜೊತೆಗೇ ಇತ್ತು. ಫೋನು ಮತ್ತೆ ಬರಲಿಲ್ಲ. ಸೋಮವಾರ ಅವಳು ಕೆಂಝೆಗೆ ಒಳ್ಳೆಯದಾಗಲಿ ಎಂದು ಪ್ರಾರ್ಥಿಸಲು ಕೂತು, ಅವಳು ದಾಳಿಂಬೆ ರಸ ಕುಡಿಯುವುದನ್ನು ಕಣ್ಣಾರೆ ಕಂಡಂತಾಗಿ, ಪ್ರಾರ್ಥನೆಯನ್ನು ಅರ್ಧಕ್ಕೆ ಬಿಟ್ಟು ಎದ್ದಳು.

ಮಂಗಳವಾರ ಎಲ್ಲರಿಗಿಂತ ಮೊದಲೇ ಹೋದಳು. ತಕ್ಕಡಿಯ ಮೇಲೆ ನಿಂತಾಗ ಮಕ್ಪಾಲ್ ಕಣ್ಣರಳಿಸಿದಳು. "ಏನಕ್ಕ, ಸಮೋವರನ್ನೇ ನುಂಗಿಬಿಟ್ರಾ?" ರಬಿಗಾ ನೇರ ಕಿಟಕಿ ಪಕ್ಕ ಹೋಗಿ ಕೂತಳು. ಸುಯಿಂಶಿಯ ಕಥೆ ಆಗಲೇ ಕೋಣೆಗೆಲ್ಲ ಗೊತ್ತಾಗಿತ್ತು. ಸೂಜಿ ಹೋಯಿತು, ರಕ್ತ ಹೊರಟಿತು, ಎಂದಿನಂತೆ ಚಳಿ ಹತ್ತುವ ಹೊತ್ತಿಗೆ ಕೊಳವೆಯ ಬಿಸಿ ಪಾದದಿಂದ ಮಂಡಿಗೆ, ಮಂಡಿಯಿಂದ ಸೊಂಟಕ್ಕೆ ಏರಿತು. ಇಷ್ಟು ಸುಖವನ್ನು ಆ ಹುಡುಗಿ ಹೋದ ಚಳಿಗಾಲವೆಲ್ಲ ಒಬ್ಬಳೇ ಅನುಭವಿಸಿದಳಲ್ಲ ಎಂದು ಅವಳಿಗೆ ಹಳೆಯ ಹೊಟ್ಟೆಕಿಚ್ಚು ಬಂತು. ಕಣ್ಣು ಮುಚ್ಚಿದಳು. ರೈಲಿನ ಲೋಟಗಳು ಕಿಣಿಕಿಣಿ ಅಂದವು.

ಬಾಗಿಲು ತೆರೆದು ಗಾಳಿ ನುಗ್ಗಿತು. ಕೆಂಝೆ ನಿಂತಿದ್ದಳು.

ಭಾನುವಾರದ ಅದೇ ಕೆಂಪು ಉಡುಪು, ಮೇಲೆ ಗಂಡನ ಜಾಕೆಟ್ಟು. ಯಾರೂ ಕೇಳಲಿಲ್ಲ, ಅವಳೇ ಹೇಳಿದಳು. "ಒಗ್ಗಲಿಲ್ಲ. ಮೂವರನ್ನ ಕರೆದಿದ್ರು. ಕಿಡ್ನಿ ಕೊಟ್ಟವರ ರಕ್ತಕ್ಕೆ ನನ್ನ ರಕ್ತ ಸೇರ್ಸಿ ನೋಡಿದ್ರು, ಜಗಳ ಆಡ್ತು. ತುರ್ಕಿಸ್ತಾನದ ಹುಡುಗನೊಬ್ಬನಿಗೆ ಹೋಯ್ತು." ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಯಾರೋ ಲೊಚಗುಟ್ಟಿದರು. ರಬಿಗಾಳ ಎದೆಯಲ್ಲಿ ಏನೋ ಬಿಚ್ಚಿಕೊಂಡು ಹಗುರವಾಯಿತು. ಅದು ದುಃಖವಲ್ಲ, ಮರುಕವಲ್ಲ, ತಾನು ತಡಮಾಡಿದ್ದರಿಂದ ಏನೂ ಆಗಲಿಲ್ಲ ಎಂಬ ಸಮಾಧಾನವೂ ಅಲ್ಲ. ಅವಳಿಗೆ ಖುಷಿಯಾಗಿತ್ತು. ಬಂದಳಲ್ಲ, ನನ್ನ ಹಾಗೆಯೇ ಉಳಿದಳಲ್ಲ ಎಂದು ಖುಷಿಯಾಗಿತ್ತು. ಅದನ್ನು ತಾನೇ ಹಿಡಿದು ನೋಡಿ ಅವಳಿಗೆ ಹೇಸಿಗೆಯಾಯಿತು. ಕಿಡ್ನಿ ತನಗೆ ಬಂದಿದ್ದರೂ ಇಷ್ಟು ಖುಷಿಯಾಗುತ್ತಿತ್ತೋ ಇಲ್ಲವೋ.

"ಮಕ್ಪಾಲ್, ನನ್ನ ಬಿಚ್ಚೇ," ಎಂದು ಕೂಗಿದಳು. "ಆ ಕಡೆ ಹೋಗ್ತೀನಿ. ಅವಳ ಜಾಗ ಇದು."

"ರಕ್ತ ಅರ್ಧ ಹೊರಗಿದೆ, ಈಗ ಎಲ್ಲಿಗೆ ಹೋಗ್ತೀರಿ ಅಕ್ಕ? ಸುಮ್ನೆ ಕೂತ್ಕೊಳ್ಳಿ."

"ಬೇಡ," ಎಂದಳು ಕೆಂಝೆ. ತಕ್ಕಡಿ ಇಳಿದು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಉಡುಪಿನ ತೋಳು ಮಡಚಿದಳು. "ಸುಯಿಂಶಿ ಅಂತ ಕೊಟ್ಟಿದ್ದನ್ನ ವಾಪಸ್ ತಗೊಂಡ್ರೆ ಮುಂದೆ ಬರೋ ಸುದ್ದೀನೂ ದಾರಿ ತಪ್ಪುತ್ತೆ. ನೀವೇ ಕೂತ್ಕೊಳ್ಳಿ ಅಕ್ಕ."

ಸೂಜಿ ಚುಚ್ಚುವಾಗ ಅವಳು ಬಿಕ್ಕಲಿಲ್ಲ. ಯಂತ್ರ ತಿರುಗತೊಡಗಿತು. ಮಕ್ಪಾಲ್ ಹೊರಗೆ ಹೋದ ಮೇಲೆ, ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ಚಾವಣಿ ನೋಡುತ್ತ ಹೇಳಿದಳು. "ನೀವು ನಮ್ಮನೆ ಹತ್ರ ಇದ್ದಾಗ್ಲೇ ನಿಮ್ಗೆ ಫೋನ್ ಮಾಡಿದ್ವಿ ಅಂದ್ರು. ಆಮೇಲೆ ಇನ್ನೊಂದ್ಸಲ ಮಾಡಿದಾಗ ಕಟ್ ಆಯ್ತಂತೆ."

ರಬಿಗಾ ಎರಡು ದಿನದಿಂದ ಇದಕ್ಕೆ ಸುಳ್ಳು ಸಿದ್ಧ ಮಾಡಿಟ್ಟುಕೊಂಡಿದ್ದಳು. ಗದ್ದಲವಿತ್ತು, ಕೇಳಿಸಲಿಲ್ಲ, ಹಿರಿಯರ ಹರಕೆಗೆ ಮುಂಚೆ ಹೇಳುವುದು ಹೇಗೆ. ಅವನ್ನೆಲ್ಲ ಬಿಟ್ಟು ನಳಿಗೆಯಲ್ಲಿ ಹರಿಯುವ ತನ್ನ ರಕ್ತವನ್ನೇ ನೋಡಿದಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತಾರೆ, ಅವಳಿಗೆ ಆ ನೀರೂ ಇರಲಿಲ್ಲ.

"ಅಲ್ದಿಯಾರ್ ಮನೆ ತುಂಬ ಓಡ್ತಿದಾನೆ," ಎಂದಳು ಕೆಂಝೆ. "ಹಗ್ಗ ಚೆನ್ನಾಗಿ ಕತ್ತರಿಸಿದಿರಿ." ಚಾವಣಿಯಿಂದ ಕಣ್ಣು ತೆಗೆಯದೆ, "ಎರಡನೇ ನಂಬರು ಬದಲಾಯಿಸಿ ಬಂದೆ ಅಕ್ಕ. ಅತ್ತೇದು ಕೊಟ್ಟೆ."

"ಒಳ್ಳೇದ್ ಮಾಡಿದೆ."

"ನಿಮ್ಮದಕ್ಕೆ ನನ್ನ ನಂಬರೇ ಇದೆ ಅಂದ್ರು. ತೆಗೀಬೇಕಾ ಅಂತ ಕೇಳಿದ್ರು. ಬೇಡ, ಇರ್ಲಿ ಅಂದೆ." ಕೆಂಝೆಯ ಹಲ್ಲು ಆಗಲೇ ಚಳಿಗೆ ಕಟಕಟ ಅನ್ನತೊಡಗಿತ್ತು. ಅವಳು ಕಂಬಳಿಯನ್ನು ಗಲ್ಲದವರೆಗೆ ಎಳೆದುಕೊಂಡಳು. "ನಿಮ್ಗೆ ಬಂದ್ರೆ ನಾನು ಹೇಳ್ತೀನಿ. ಬಂದ ಕೂಡ್ಲೇ ಹೇಳ್ತೀನಿ."

ರಬಿಗಾ ತನ್ನ ಕಂಬಳಿ ತೆಗೆದು ಅವಳ ಕಡೆ ಚಾಚಿದಳು. ನಡುವೆ ಎರಡು ಯಂತ್ರಗಳ ಅಗಲ. ಕೈ ಅಷ್ಟು ದೂರ ಹೋಗಲಿಲ್ಲ, ಇನ್ನೊಂದು ಕೈಯನ್ನು ಅಲುಗಿಸುವ ಹಾಗಿರಲಿಲ್ಲ. ಕಂಬಳಿ ನೆಲಕ್ಕೆ ಬಿತ್ತು. ಕೊಳವೆಗೆ ತಾಗಿದ್ದ ಕಾಲು ಸುಡುತ್ತಿತ್ತು, ಅವಳು ಅದನ್ನು ಎಳೆದುಕೊಳ್ಳಲಿಲ್ಲ. ಯಂತ್ರ ಮುಗಿಯಲು ಇನ್ನೂ ಬಹಳ ಹೊತ್ತಿತ್ತು.